ಸೀಟು ಕೊಡಿಸುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಕೆ?

"ಮೇಡಂ, ಬೆಂಗಳೂರಲ್ಲಿ ಒಬ್ಬರು ಕನ್ಸಲ್ಟೆನ್ಸಿಯವರು ಇದ್ದಾರಂತೆ. ಆಪ್ಷನ್ ಎಂಟ್ರಿ ಎಲ್ಲಾ ಅವರೇ ಮಾಡ್ಕೊಡ್ತಾರಂತೆ. ಒಳ್ಳೆ ಕಾಲೇಜು ಸಿಗೋ ಹಂಗೆ ನೋಡ್ಕೊಳ್ತಾರಂತೆ. ದುಡ್ಡು ಕಟ್ಟಬಹುದಾ?"

ಸಿಇಟಿ ಫಲಿತಾಂಶ ಬಂದ ವಾರದಿಂದ ನನ್ನ ಫೋನಿಗೆ ಬರುವ ಪ್ರಶ್ನೆ ಇದೊಂದೇ. ಹಾಸನ ಜಿಲ್ಲೆಯ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಗಣಿತ ಪಾಠ ಮಾಡುತ್ತಾ ನನ್ನ ಅರ್ಧ ಆಯುಷ್ಯ ಕಳೆದಿದೆ. ಪಾಠ ಮುಗಿದ ಮೇಲೂ ಮಕ್ಕಳು ಬಿಡುವುದಿಲ್ಲ, ಅವರ ಅಪ್ಪ ಅಮ್ಮಂದಿರೂ ಬಿಡುವುದಿಲ್ಲ. ಹಾಗಾಗಿ ಮೇ, ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಯಾರದ್ದಾದರೂ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಕಟ್ ಆಫ್ ಪಟ್ಟಿ ಇದ್ದೇ ಇರುತ್ತದೆ. ಕನ್ಸಲ್ಟೆನ್ಸಿಗೆ ದುಡ್ಡು ಕೊಟ್ಟವರನ್ನೂ ನೋಡಿದ್ದೇನೆ, ಕೊಡದೆ ಗೆದ್ದವರನ್ನೂ ನೋಡಿದ್ದೇನೆ, ಕೊಟ್ಟಿದ್ದರೆ ಒಳ್ಳೆಯದಿತ್ತು ಅನ್ನಿಸಿದ ಕೆಲವು ಮನೆಗಳನ್ನೂ ನೋಡಿದ್ದೇನೆ. ಆ ಅನುಭವದ ಮೇಲೆ ಈ ಮಾತು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಕರ್ನಾಟಕದಲ್ಲಿ ಸಿಇಟಿ ಮೂಲಕ ಸೀಟು ಹಂಚುವ ವ್ಯವಸ್ಥೆ ಹುಟ್ಟಿದ್ದೇ ನಡುವೆ ಯಾರೂ ಇರಬಾರದು ಎಂದು. ಎಂಬತ್ತರ ದಶಕದಲ್ಲಿ ನಮ್ಮ ರಾಜ್ಯದ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಡೊನೇಷನ್‌ಗೆ ದೇಶದಲ್ಲೆಲ್ಲ ಹೆಸರಾಗಿದ್ದವು. 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಬಂದರೂ ಹಾವಳಿ ನಿಲ್ಲಲಿಲ್ಲ. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜೊಂದಕ್ಕೆ ಸೇರಲು ಬಂದಾಗ, ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಶುಲ್ಕ, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ನಿಗದಿಯಾಗಿತ್ತು. ಆಕೆ ಸುಪ್ರೀಂ ಕೋರ್ಟಿಗೆ ಹೋದರು. 1992ರ ತೀರ್ಪು ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದಿತು. ಮರುವರ್ಷ ಉಣ್ಣಿಕೃಷ್ಣನ್ ಪ್ರಕರಣದ ತೀರ್ಪು, ಖಾಸಗಿ ಕಾಲೇಜುಗಳ ಸೀಟುಗಳೂ ಅರ್ಹತೆಯ ಮೇಲೆಯೇ ಹಂಚಿಕೆಯಾಗಬೇಕು ಎಂದಿತು. ಅದರ ಬೆನ್ನಿಗೆ 1994ರಲ್ಲಿ ನಮ್ಮಲ್ಲಿ ಸಿಇಟಿ ಶುರುವಾಯಿತು. ಹಳ್ಳಿಯ ಹುಡುಗ, ಮಂತ್ರಿಯ ಮಗ ಇಬ್ಬರೂ ಒಂದೇ ಪಟ್ಟಿಯಲ್ಲಿ ನಿಲ್ಲಲಿ, ರ‍್ಯಾಂಕ್ ಮುಂದಿದ್ದವನು ಮೊದಲು ಆರಿಸಲಿ ಎಂಬುದೇ ಅದರ ಆಶಯ. ನನ್ನ ಎಷ್ಟೋ ವಿದ್ಯಾರ್ಥಿಗಳ ಮನೆಗಳು ಒಂದು ತಲೆಮಾರಿನಲ್ಲಿ ಮೇಲೆದ್ದದ್ದು ಈ ಪಟ್ಟಿಯಿಂದ.

ಇಂದಿಗೂ ಆ ಹಂಚಿಕೆ ನಡೆಯುವ ರೀತಿ ಸರಳವಾಗಿದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕದ ಅರ್ಧ, ಸಿಇಟಿ ಅಂಕದ ಅರ್ಧ ಸೇರುತ್ತದೆ. ರ‍್ಯಾಂಕ್ ಬಂದ ಮೇಲೆ ಅಭ್ಯರ್ಥಿ ತನಗೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಅದೇ ಆಪ್ಷನ್ ಎಂಟ್ರಿ. ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಅಂಗಡಿಯೊಳಗೆ ಹೋಗಿ, ಕೈಯಲ್ಲಿರುವ ಚೀಟಿಯಲ್ಲಿ ಮೊದಲು ಬರೆದ ಸಾಮಾನು ಇದೆಯೇ ನೋಡಿ, ಇಲ್ಲದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು ಎತ್ತಿಕೊಂಡು ಬಂದ ಹಾಗೆ ಕಂಪ್ಯೂಟರ್ ಸೀಟು ಕೊಡುತ್ತಾ ಹೋಗುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯ ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಮೊದಲು ಖಾಲಿ ಸಿಕ್ಕಿದ್ದು ನಿಮ್ಮದು. ಸಿಗುವುದು ಕಷ್ಟ ಎನಿಸುವ ಕಾಲೇಜನ್ನು ಮೇಲೆ ಬರೆದರೆ ಕೆಳಗಿನ ಕಾಲೇಜು ಕೈತಪ್ಪುವುದಿಲ್ಲ. ಇದನ್ನು ಸರಿಯಾಗಿ ಅರ್ಥಮಾಡಿಕೊಂಡವರಿಗೆ ಕನ್ಸಲ್ಟೆನ್ಸಿಯ ಅರ್ಧ ಅಗತ್ಯ ಅಲ್ಲಿಗೇ ಮುಗಿಯುತ್ತದೆ. "ನಿಮ್ಮ ರ‍್ಯಾಂಕಿಗೆ ಅದು ಬರಲ್ಲ, ಸುಮ್ಮನೆ ಮೇಲೆ ಬರೆದು ಚಾನ್ಸ್ ಹಾಳು ಮಾಡ್ಕೋಬೇಡಿ" ಎಂದು ಹೇಳುವವರು ಒಂದೋ ವಿಷಯ ತಿಳಿಯದವರು, ಇಲ್ಲವೇ ತಿಳಿದೂ ನಿಮ್ಮನ್ನು ಬೇರೆ ಕಡೆ ತಿರುಗಿಸುತ್ತಿರುವವರು.

ಈ ಹಂಚಿಕೆಯಲ್ಲಿ ಯಾರ ಮರ್ಜಿಗೂ ಜಾಗವಿಲ್ಲ. ಸಂದರ್ಶನವಿಲ್ಲ, ಶಿಫಾರಸು ಪತ್ರವಿಲ್ಲ. ರ‍್ಯಾಂಕು, ಮೀಸಲಾತಿ ವರ್ಗ, ಆಪ್ಷನ್‌ಗಳ ಕ್ರಮ, ಇಷ್ಟೇ. ಹಾಗಿರುವಾಗ "ಸೀಟು ಕೊಡಿಸುತ್ತೇನೆ" ಎನ್ನುವವರು ಏನನ್ನು ಕೊಡಿಸುತ್ತಾರೆ? ನಾನು ಕಂಡಂತೆ ಅವರು ಮಾರುವುದು ಎರಡು ಸರಕು. ಒಂದು ಮಾಹಿತಿ, ಅದು ಬಹುಪಾಲು ಪುಕ್ಕಟೆ ಸಿಗುವಂಥದ್ದು. ಇನ್ನೊಂದು ಧೈರ್ಯ. ಎರಡನೆಯದಕ್ಕೇ ಜನ ಹೆಚ್ಚು ದುಡ್ಡು ಕೊಡುತ್ತಾರೆ. ಮನೆಯಲ್ಲಿ ಯಾರೂ ಎಂಜಿನಿಯರಿಂಗ್ ಓದಿಲ್ಲ, ಮಗಳ ಭವಿಷ್ಯ ನಾಲ್ಕು ದಿನದಲ್ಲಿ ತೀರ್ಮಾನವಾಗಬೇಕು, ವೆಬ್‌ಸೈಟು ತೆರೆಯುವುದಿಲ್ಲ, ಕೊನೆಯ ದಿನಾಂಕ ಹತ್ತಿರ ಬಂದಿದೆ. ಆ ಹೊತ್ತಿನಲ್ಲಿ "ನೀವೇನೂ ಯೋಚನೆ ಮಾಡ್ಬೇಡಿ, ನಮಗೆ ಬಿಡಿ" ಎನ್ನುವ ಮಾತು ಎಷ್ಟು ಹಿತವಾಗಿ ಕೇಳಿಸುತ್ತದೆ ಎಂದು ನಾನು ಬಲ್ಲೆ. ಆ ಭಯವನ್ನು ಹಗುರಾಗಿ ಕಾಣಲು ನನ್ನಿಂದಾಗದು.

ಅರಸೀಕೆರೆ ಕಡೆಯ ಒಬ್ಬ ತೆಂಗು ಬೆಳೆಗಾರರ ಮಗಳು ನನ್ನ ವಿದ್ಯಾರ್ಥಿನಿ. ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಮಾರಿ ಬಂದ ದುಡ್ಡಿನಲ್ಲಿ ಒಂದು ಪಾಲನ್ನು ಆ ಅಪ್ಪ ಬೆಂಗಳೂರಿನ ಕನ್ಸಲ್ಟೆನ್ಸಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದರು. ಕನ್ಸಲ್ಟೆನ್ಸಿಯವರು ಕೊಟ್ಟ ಆಪ್ಷನ್ ಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟುಕೊಂಡು, "ಒಂದ್ಸಲ ಕಣ್ಣಾಡಿಸಿ ಮೇಡಂ" ಎಂದು ನನ್ನ ಬಳಿ ಬಂದರು. ಬಣ್ಣದ ಲೋಗೋ, ದಪ್ಪ ಕಾಗದ, ನೋಡಲು ಚೆನ್ನಾಗಿತ್ತು. ಮೇಲಿನ ಸಾಲುಗಳಲ್ಲೆಲ್ಲ ಬೆಂಗಳೂರಿನ ಹೊರವಲಯದ ಹೊಸ ಖಾಸಗಿ ಕಾಲೇಜುಗಳು. ಒಂದೇ ಕಾಲೇಜು ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದು ಮೂರು ಹೆಸರಿನಲ್ಲಿ ಮೂರು ಸಲ. ಕೆ.ಆರ್. ವೃತ್ತದ ಯುವಿಸಿಇ, ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಸರ್ಕಾರಿ ಕಾಲೇಜು, ಎಲ್ಲೂ ಇಲ್ಲ. ನಮ್ಮ ಜಿಲ್ಲೆಯದೇ ಆದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜು ಇಲ್ಲ. ಮೈಸೂರಿನ ಎನ್‌ಐಇ ಇದೆ, ಆದರೆ ಅನುದಾನರಹಿತ ಕೋಡ್ ಮಾತ್ರ.

ಈ ಕೋಡ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ದುಡ್ಡು ಉಳಿಯುವುದು ಅಥವಾ ಹೋಗುವುದು ಇಲ್ಲಿಯೇ. ನಮ್ಮ ರಾಜ್ಯದ ಕೆಲವು ಹಳೆಯ ಖಾಸಗಿ ಕಾಲೇಜುಗಳಲ್ಲಿ ಸರ್ಕಾರದ ಅನುದಾನ ಪಡೆಯುವ ಕೋರ್ಸುಗಳಿವೆ, ಅನುದಾನವಿಲ್ಲದ ಕೋರ್ಸುಗಳೂ ಇವೆ. ಸೀಟ್ ಮ್ಯಾಟ್ರಿಕ್ಸ್‌ನಲ್ಲಿ ಅವು ಎರಡು ಬೇರೆ ಕಾಲೇಜುಗಳಂತೆ ಎರಡು ಕೋಡುಗಳಲ್ಲಿ ಕಾಣಿಸುತ್ತವೆ. ಅದೇ ಗೇಟು, ಅದೇ ಗ್ರಂಥಾಲಯ, ಆದರೆ ಅನುದಾನಿತ ಸೀಟಿಗೆ ಶುಲ್ಕ ತೀರಾ ಕಡಿಮೆ. ಇದರ ಜೊತೆಗೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರಿಗೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಿವೆ. ಮಂಜೂರಾದ ಸೀಟುಗಳ ಶೇಕಡ 5ರಷ್ಟು. ಅದರಲ್ಲಿ ಬೋಧನಾ ಶುಲ್ಕದ ವಿನಾಯಿತಿ. ಆ ತಂದೆಗೆ ಬೆಂಗಳೂರಿನಲ್ಲಿ ಯಾರೂ ಈ ಎರಡು ಮಾತು ಹೇಳಿರಲಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಬೇರೆಯೇ ಇತ್ತು. ಆ ಹುಡುಗಿ ಅಪ್ಪನ ಪಕ್ಕದಲ್ಲಿ ಕೂತು ಒಂದು ಮಾತೂ ಆಡಿರಲಿಲ್ಲ. ನಾನೇ ಕೇಳಿದೆ: "ನಿಂಗೇನು ಓದ್ಬೇಕು ಅಂತ ಇದೆಯಮ್ಮ?" ಸ್ವಲ್ಪ ಹೊತ್ತು ತಲೆ ತಗ್ಗಿಸಿದಳು. ಆಮೇಲೆ, "ಬಿಎಸ್ಸಿ ಅಗ್ರಿ ಮೇಡಂ" ಅಂದಳು. ಅರ್ಜಿ ಹಾಕುವಾಗ ಕಾಲೇಜಿನಲ್ಲಿ ನಾವು ಹೇಳಿದ್ದಕ್ಕೆ ರೈತರ ಮಕ್ಕಳ ಕೋಟಾಕ್ಕೆ ಟಿಕ್ ಹಾಕಿದ್ದಳು, ಪಹಣಿಯ ದಾಖಲೆಯನ್ನೂ ಕೊಟ್ಟಿದ್ದಳು. ಆ ಕೋಟಾದವರಿಗೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಬೆಳೆ, ಗೊಬ್ಬರ, ಸಲಕರಣೆಗಳನ್ನು ಗುರುತು ಹಿಡಿಯಬೇಕು. ಹುಟ್ಟಿದಾಗಿನಿಂದ ಹೊಲದಲ್ಲಿ ಓಡಾಡಿದ ಮಗುವಿಗೆ ಅದು ಅನುಕೂಲ. ಅವಳಿಗೂ ಚೆನ್ನಾಗಿಯೇ ಆಗಿತ್ತು. ಆದರೆ ಕನ್ಸಲ್ಟೆನ್ಸಿಯ ಆ ಉದ್ದನೆಯ ಪಟ್ಟಿಯಲ್ಲಿ ಕೃಷಿ ಕಾಲೇಜು ಒಂದೂ ಇರಲಿಲ್ಲ. "ಅಲ್ಲಿ ನಿನ್ನ ಏನು ಓದ್ಬೇಕು ಅಂತ ಕೇಳಲಿಲ್ವಾ?" ಅಂದೆ. "ರ‍್ಯಾಂಕ್ ಎಷ್ಟು ಅಂತ ಕೇಳಿದ್ರು" ಅಂದಳು.

ಕೃಷಿ ಕಾಲೇಜುಗಳು ಸರ್ಕಾರಿ ವಿಶ್ವವಿದ್ಯಾಲಯಗಳವು. ಅಲ್ಲಿ ಒಬ್ಬ ವಿದ್ಯಾರ್ಥಿಯನ್ನು ಕರೆತಂದರೆ ಯಾರೂ ಯಾರಿಗೂ ಕಮಿಷನ್ ಕೊಡುವುದಿಲ್ಲ. ಯುವಿಸಿಇ ಕೊಡುವುದಿಲ್ಲ. ಅನುದಾನಿತ ಸೀಟಿಗೆ ಕಾಲೇಜು ಕೊಡುವುದಿಲ್ಲ. ಆ ಪಟ್ಟಿಯಲ್ಲಿ ಬಿಟ್ಟುಹೋದದ್ದೆಲ್ಲ ಇಂಥವೇ. ಅಪ್ಪ ಮಗಳು ನಮ್ಮ ಮನೆಯಲ್ಲೇ ಕೂತು ಬೇರೆ ಪಟ್ಟಿ ಬರೆದರು. ಎರಡನೇ ಸುತ್ತಿನಲ್ಲಿ ಹಾಸನದ ಕಾರೆಕೆರೆಯ ಕೃಷಿ ಕಾಲೇಜು ಸಿಕ್ಕಿತು. ಅಡ್ವಾನ್ಸ್ ಮಾತ್ರ ವಾಪಸು ಬರಲಿಲ್ಲ, ಕೇಳಲು ಕೈಯಲ್ಲಿ ರಸೀದಿಯೂ ಇರಲಿಲ್ಲ.

ಅಂದಿನಿಂದ ನಾನು ಪ್ರತಿಯೊಬ್ಬ ಪೋಷಕರಿಗೂ ಹೇಳುವ ಮೊದಲ ಮಾತು ಇದು: ನಿಮ್ಮಿಂದ ಎಷ್ಟು ತೆಗೆದುಕೊಳ್ಳುತ್ತಾರೆ ಎನ್ನುವುದಕ್ಕಿಂತ ಮುಂಚೆ, ನಿಮ್ಮನ್ನು ಬಿಟ್ಟು ಇನ್ಯಾರಿಂದ ತೆಗೆದುಕೊಳ್ಳುತ್ತಾರೆ ಎಂದು ಕೇಳಿ. ಮುಖಕ್ಕೆ ಮುಖ ಕೊಟ್ಟು ಕೇಳಿ. "ಈ ಪಟ್ಟಿಯ ಯಾವುದಾದರೂ ಕಾಲೇಜಿನಿಂದ ನಿಮಗೆ ದುಡ್ಡು ಬರುತ್ತದಾ?" ಬರುತ್ತದೆ ಎಂದಾದರೆ, ಅವರು ಆ ಕಾಲೇಜಿನ ಮಾರಾಟಗಾರರು. ಮಾರಾಟಗಾರರೆಲ್ಲ ಕೆಟ್ಟವರಲ್ಲ, ಆದರೆ ಅವರ ಮಾತನ್ನು ಮಾರಾಟಗಾರರ ಮಾತೆಂದೇ ಕೇಳಿಸಿಕೊಳ್ಳಬೇಕು. ಫೀಸೇ ಇಲ್ಲ, ಎಲ್ಲಾ ಉಚಿತ ಎನ್ನುವ ಕಡೆ ಈ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು. ಬ್ರಿಟನ್, ಆಸ್ಟ್ರೇಲಿಯಾಗಳಿಗೆ ಓದಲು ಕಳಿಸುವ ಏಜೆನ್ಸಿಗಳಲ್ಲಿ ಹೆಚ್ಚಿನವು ನಡೆಯುವುದೇ ಅಲ್ಲಿನ ವಿಶ್ವವಿದ್ಯಾಲಯಗಳು ಕೊಡುವ ಕಮಿಷನ್ನಿನಿಂದ. ಕಮಿಷನ್ ಕೊಡದ ವಿಶ್ವವಿದ್ಯಾಲಯ ಎಷ್ಟೇ ಒಳ್ಳೆಯದಿದ್ದರೂ ಅವರ ಬಾಯಲ್ಲಿ ಅದರ ಹೆಸರು ಬರುವುದು ಅಪರೂಪ.

ಎರಡನೆಯ ಮಾತು ಪಾಸ್‌ವರ್ಡಿನದು. ಇದರಲ್ಲಿ ನನಗೆ ರಾಜಿಯೇ ಇಲ್ಲ. ಮಗುವಿನ ಲಾಗಿನ್ ಐಡಿ, ಪಾಸ್‌ವರ್ಡ್, ಮೊಬೈಲಿಗೆ ಬರುವ ಒಟಿಪಿ ಇವು ಮನೆಯಿಂದ ಆಚೆ ಹೋಗಬಾರದು. 2024ರ ನವೆಂಬರಿನಲ್ಲಿ ಎಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ ಬಗ್ಗೆ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಮಲ್ಲೇಶ್ವರ ಪೊಲೀಸರಿಗೆ ದೂರು ಕೊಟ್ಟಿತು. ಡಿಸೆಂಬರಿನಲ್ಲಿ ಹಲವರ ಬಂಧನವಾಯಿತು, ಅವರಲ್ಲಿ ಪ್ರಾಧಿಕಾರದಲ್ಲಿ ಕೆಲಸ ಮಾಡುತ್ತಿದ್ದವರೂ ಇದ್ದರು. ಸೇರುವ ಉದ್ದೇಶವೇ ಇಲ್ಲದ ಅಭ್ಯರ್ಥಿಗಳ ಲಾಗಿನ್ನಿನಿಂದ ಬೇಡಿಕೆಯ ಕಾಲೇಜುಗಳ ಸೀಟು ಹಿಡಿಸುವುದು, ಕೊನೆಯ ಸುತ್ತಿನ ತನಕ ಅದನ್ನು ಯಾರಿಗೂ ಸಿಗದಂತೆ ಇಡುವುದು, ಆಮೇಲೆ ಅವರು ಸೇರದೆ ಉಳಿದಾಗ ಖಾಲಿಯಾದ ಸೀಟು ಕಾಲೇಜಿನ ಕೈಗೆ ಹೋಗಿ ದುಬಾರಿ ಬೆಲೆಗೆ ಮಾರಾಟವಾಗುವುದು. ದಂಧೆ ನಡೆದದ್ದು ಹೀಗೆ. ಹಾಗೆ ಹಿಡಿದಿಟ್ಟ ಒಂದೊಂದು ಸೀಟೂ ನನ್ನಂಥವರ ತರಗತಿಯಲ್ಲಿ ಕೂತು ಓದಿದ ಯಾವುದೋ ಮಗುವಿಗೆ ಸಲ್ಲಬೇಕಾಗಿದ್ದ ಸೀಟು. ನಿಮ್ಮ ಮಗುವಿನ ಲಾಗಿನ್ ಬೇರೆಯವರ ಕೈಯಲ್ಲಿದ್ದರೆ, ನಿಮಗೆ ಗೊತ್ತಿಲ್ಲದೆ ಅದು ಇಂಥ ಕೆಲಸಕ್ಕೆ ಬಳಕೆಯಾಗಬಹುದು. ನಾಳೆ ನೋಟಿಸ್ ಬರುವುದು ನಿಮ್ಮ ಮಗುವಿನ ಹೆಸರಿಗೆ. ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರಗಳನ್ನು ಏಜೆಂಟರ ಕೈಗೆ ಕೊಟ್ಟು, ಆಮೇಲೆ ಅವರು ಹೇಳಿದ ಕಾಲೇಜಿಗೆ ಸೇರದೆ ಬೇರೆ ದಾರಿಯಿಲ್ಲದಂತೆ ಸಿಕ್ಕಿಬಿದ್ದವರನ್ನೂ ಕಂಡಿದ್ದೇನೆ.

ವೈದ್ಯಕೀಯದ ವಿಷಯದಲ್ಲಿ ಮಾತು ಇನ್ನೂ ಚಿಕ್ಕದು. ನೀಟ್ ಬಂದ ಮೇಲೆ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟು, ಎನ್‌ಆರ್‌ಐ ಸೀಟು ಸಹ ಕೌನ್ಸೆಲಿಂಗ್ ಮೂಲಕವೇ ಹಂಚಿಕೆಯಾಗಬೇಕು. ರಾಜ್ಯದ ಕಾಲೇಜುಗಳದ್ದು ಪರೀಕ್ಷಾ ಪ್ರಾಧಿಕಾರ ಮಾಡುತ್ತದೆ, ಡೀಮ್ಡ್ ವಿಶ್ವವಿದ್ಯಾಲಯಗಳದ್ದು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ಮಾಡುತ್ತದೆ. ಆದ್ದರಿಂದ "ಎಂಬಿಬಿಎಸ್ ಸೀಟು ನೇರವಾಗಿ ಮಾಡಿಸಿಕೊಡುತ್ತೇನೆ, ಮೇಲಿನವರ ಪರಿಚಯ ಇದೆ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಸೀಟು ಬೇರೆ ವಿಷಯ. ಅದು ಕಾನೂನು ಒಪ್ಪುವ ಸೀಟು, ಕಾಲೇಜಿನವರೇ ಕೊಡುವಂಥದ್ದು. ಅದು ಬೇಕೆಂದಿದ್ದರೆ ನೇರ ಕಾಲೇಜಿನ ಅಡ್ಮಿಷನ್ ಕಚೇರಿಗೆ ಹೋಗಿ ಕೇಳಬಹುದು, ನಡುವೆ ಒಬ್ಬರ ಕಮಿಷನ್ ಸೇರಿಸುವ ಅಗತ್ಯವಿಲ್ಲ. ಕೊಟ್ಟ ಪ್ರತಿ ರೂಪಾಯಿಗೂ ಕಾಲೇಜಿನ ಹೆಸರಿನ ರಸೀದಿ ಇರಬೇಕು.

ಹಾಗಾದರೆ ಕನ್ಸಲ್ಟೆಂಟ್ ಯಾರಿಗೂ ಬೇಡವೇ? ಹಾಗೆ ಹೇಳಿದರೆ ಅನ್ಯಾಯವಾದೀತು. ನಮ್ಮ ಸಂಬಂಧಿಕರೊಬ್ಬರು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದವರು. ವರ್ಗಾವಣೆಯಾದಂತೆಲ್ಲ ಮಗ ಮೂರು ರಾಜ್ಯಗಳಲ್ಲಿ ಓದಿದ. ಸಿಇಟಿ ಸೀಟಿಗೆ ಅರ್ಹತೆ ಸಿಗಬೇಕಾದರೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ಅಷ್ಟು ಓದಿರದವರಿಗೆ ಬೇರೆ ಬೇರೆ ಕ್ಲಾಸುಗಳಿವೆ. ಸೈನಿಕರ ಮಕ್ಕಳು, ಕೇಂದ್ರ ನೌಕರರ ಮಕ್ಕಳು, ಹೊರನಾಡು ಮತ್ತು ಗಡಿನಾಡು ಕನ್ನಡಿಗರು ಹೀಗೆ ಒಬ್ಬೊಬ್ಬರಿಗೆ ಒಂದೊಂದು ದಾರಿ, ಒಂದೊಂದಕ್ಕೆ ಬೇರೆ ಬೇರೆ ಪ್ರಮಾಣಪತ್ರ. ಹೊರನಾಡು, ಗಡಿನಾಡಿನವರಿಗೆ 50 ಅಂಕದ ಕನ್ನಡ ಪರೀಕ್ಷೆ ಬೇರೆ. ನನಗೆ ಇದರ ಒಳಹೊರಗು ಅಷ್ಟು ತಿಳಿದಿರಲಿಲ್ಲ. ಆ ಸಂಬಂಧಿಕರು ಕಾಲೇಜೊಂದರ ಅಡ್ಮಿಷನ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರನ್ನು ಕಂಡರು. ಆ ಹಿರಿಯರು ಗಂಟೆಯ ಲೆಕ್ಕದಲ್ಲಿ ಫೀಸು ತೆಗೆದುಕೊಂಡರು, ರಸೀದಿ ಕೊಟ್ಟರು, ಯಾವ ಕ್ಲಾಸಿಗೆ ಅರ್ಜಿ ಹಾಕಬೇಕು, ಯಾವ ಕಚೇರಿಯಿಂದ ಯಾವ ನಮೂನೆಯ ಪತ್ರ ತರಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಯಾವ ಕಾಲೇಜಿನ ಹೆಸರನ್ನೂ ಅವರು ಎತ್ತಲಿಲ್ಲ. "ಅದು ನೀವೂ ಮಗನೂ ಕೂತು ಮಾಡೋ ಕೆಲಸ" ಅಂದರಂತೆ. ಅಂಥವರಿಗೆ ಕೊಟ್ಟ ಹಣ ಪೂರ್ತಿ ಸಾರ್ಥಕ.

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಅನುಭವ ಇದಕ್ಕೆ ಇನ್ನೊಂದು ಮಗ್ಗುಲು. ಅಲ್ಲಿ ರ‍್ಯಾಂಕ್ ಪಟ್ಟಿ ಎಂಬುದೇ ಇಲ್ಲ. ಶಾಲೆಯ ಅಂಕ, ಶಿಕ್ಷಕರ ಪತ್ರ, ಮಗು ಶಾಲೆಯ ಹೊರಗೆ ಮಾಡಿದ ಕೆಲಸ, ಜೊತೆಗೆ ಹೆಚ್ಚೆಂದರೆ 650 ಪದಗಳ ಒಂದು ಪ್ರಬಂಧ, ಇವನ್ನೆಲ್ಲ ಓದಿ ಮನುಷ್ಯರೇ ತೀರ್ಮಾನಿಸುತ್ತಾರೆ. ಶಾಲೆಯಲ್ಲೇ ಕೌನ್ಸೆಲರ್ ಇರುತ್ತಾರೆ. ಒಬ್ಬರಿಗೆ 250 ಮಕ್ಕಳಿಗಿಂತ ಹೆಚ್ಚಿರಬಾರದು ಎಂದು ಅವರ ವೃತ್ತಿಸಂಘವೇ ಹೇಳುತ್ತದೆ, ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ಕಡೆ ಹೆಚ್ಚೇ ಇರುತ್ತಾರೆ. ಹಾಗಾಗಿ ಅಲ್ಲಿಗೆ ಹೊಸದಾಗಿ ಹೋದ ನಮ್ಮವರಿಗೆ ಒಳ್ಳೆಯ ಸಲಹೆಗಾರರೊಬ್ಬರ ಬೆಲೆ ಇಲ್ಲಿಗಿಂತ ಹೆಚ್ಚು. ಅಲ್ಲಿನ ಸ್ವತಂತ್ರ ಸಲಹೆಗಾರರ ಸಂಘವೊಂದಕ್ಕೆ, ಮಕ್ಕಳನ್ನು ಕಳಿಸಿದ್ದಕ್ಕಾಗಿ ಕಾಲೇಜುಗಳಿಂದ ಹಣ ಪಡೆಯಬಾರದು ಎಂಬ ನಿಯಮವಿದೆ. ತಂಗಿ ತನ್ನ ಮಗಳಿಗಾಗಿ ಆ ಸಂಘದ ಸದಸ್ಯರೊಬ್ಬರನ್ನೇ ಹುಡುಕಿ, ಪೂರ್ತಿ ಪ್ಯಾಕೇಜ್ ಬೇಡ, ಕೆಲವು ಗಂಟೆ ಸಾಕು ಎಂದು ಮಾತಾಡಿಕೊಂಡಳು. "ಅಕ್ಕಾ, ಆಯಮ್ಮ ಪ್ರಬಂಧದಲ್ಲಿ ಒಂದು ವಾಕ್ಯಾನೂ ತಾನು ಬರೀಲಿಲ್ಲ. ಬರೀ ಪ್ರಶ್ನೆ ಕೇಳ್ತಾ ಹೋದಳು. ಇವಳೇ ನಾಕು ಸಲ ತಿದ್ದಿ ಬರೆದಳು" ಎಂದು ಫೋನಿನಲ್ಲಿ ಹೇಳಿದಳು. ಅದೇ ದೇಶದಲ್ಲಿ ಈ ವೃತ್ತಿಯ ಹೆಸರಿನಲ್ಲೇ ದೊಡ್ಡ ಮೋಸವೂ ನಡೆಯಿತು. ರಿಕ್ ಸಿಂಗರ್ ಎಂಬಾತ ಶ್ರೀಮಂತರ ಮಕ್ಕಳನ್ನು ಸುಳ್ಳು ಕ್ರೀಡಾಪಟುಗಳನ್ನಾಗಿ ತೋರಿಸಿ, ಪರೀಕ್ಷೆಯಲ್ಲಿ ಅಕ್ರಮ ಮಾಡಿಸಿ ಹೆಸರಾಂತ ವಿಶ್ವವಿದ್ಯಾಲಯಗಳಿಗೆ ಸೇರಿಸುತ್ತಿದ್ದ. 2019ರಲ್ಲಿ ತಪ್ಪೊಪ್ಪಿಕೊಂಡ, 2023ರಲ್ಲಿ ಮೂರೂವರೆ ವರ್ಷ ಜೈಲು ಶಿಕ್ಷೆಯಾಯಿತು. ಮಗುವಿನ ಕೆಲಸವನ್ನು ಮಗುವಿನಿಂದಲೇ ಮಾಡಿಸುವವರು ಸಲಹೆಗಾರರು, ಮಗುವಿನ ಬದಲಿಗೆ ತಾವು ಮಾಡುತ್ತೇವೆ ಎನ್ನುವವರು ಯಾವ ದೇಶದಲ್ಲಿದ್ದರೂ ಅಪಾಯ.

ನಮ್ಮ ಸಿಇಟಿಗೆ ಮರಳುತ್ತೇನೆ. ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸ ಎಷ್ಟಿದೆ ಎಂದು ತಿಳಿದರೆ ಭಯ ತಾನಾಗಿ ಇಳಿಯುತ್ತದೆ. ಹಿಂದಿನ ವರ್ಷಗಳ ಕಟ್ ಆಫ್ ರ‍್ಯಾಂಕನ್ನು ಪ್ರಾಧಿಕಾರವೇ ಕಾಲೇಜುವಾರು, ಕೋರ್ಸುವಾರು, ವರ್ಗವಾರು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಕನ್ಸಲ್ಟೆನ್ಸಿಯವರು ನೋಡುವುದೂ ಅದನ್ನೇ. ಯೂಟ್ಯೂಬಿನಲ್ಲಿ ಪ್ರಾಧಿಕಾರದ್ದೇ ವಿವರಣೆಗಳಿವೆ. ಮೊದಲ ಸುತ್ತಿಗೆ ಮುಂಚೆ ಮಾಕ್ ಅಲಾಟ್‌ಮೆಂಟ್ ಎಂದು ಅಣಕು ಹಂಚಿಕೆ ಮಾಡಿ ತೋರಿಸುತ್ತಾರೆ. ಅದರಲ್ಲಿ ಏನು ಬಂತೆಂದು ನೋಡಿ ಆಪ್ಷನ್‌ಗಳನ್ನು ಹಿಂದೆ ಮುಂದೆ ಮಾಡಬಹುದು, ಹೊಸದು ಸೇರಿಸಬಹುದು. ಆ ಎರಡು ಮೂರು ದಿನ ಮನೆಯವರೆಲ್ಲ ಕೂತು ಮಾತಾಡಬೇಕಾದ ದಿನ.

ಎಡವುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಪ್ರಮಾಣಪತ್ರ. ಜಾತಿ ಮತ್ತು ಆದಾಯ ಪತ್ರ ನಾಡಕಚೇರಿಯಿಂದ ಬಂದದ್ದಿರಬೇಕು, ಅದರ ಆರ್‌ಡಿ ನಂಬರು ಅರ್ಜಿಯಲ್ಲಿ ತಾಳೆಯಾಗಬೇಕು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಜಾತಿ ಪತ್ರದಲ್ಲಿ ಮುಂದೆ ಇದ್ದರೂ ತಕರಾರು ಬರುವುದನ್ನು ನೋಡಿದ್ದೇನೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಡಿಯಲ್ಲಿ ಅಲ್ಲಿನ ಕಾಲೇಜುಗಳಲ್ಲಿ ಶೇಕಡ 70, ಉಳಿದ ಕಡೆ ಶೇಕಡ 8. ಇವೆಲ್ಲ ನಮ್ಮ ಮಕ್ಕಳಿಗೆ ಹಕ್ಕಾಗಿ ಬಂದವು. ಅರ್ಜಿ ಹಾಕುವಾಗಲೇ ಕೇಳಿಕೊಳ್ಳದಿದ್ದರೆ ಜೂನಿನಲ್ಲಿ ಎಷ್ಟು ದುಡ್ಡು ಕೊಟ್ಟರೂ ಯಾವ ಕನ್ಸಲ್ಟೆಂಟೂ ತಂದುಕೊಡಲಾರರು.

ಎರಡನೆಯದು ಸೀಟು ಬಂದ ಮೇಲಿನ ಚಾಯ್ಸ್. ಒಂದನೆಯದೆಂದರೆ ಸೀಟು ಒಪ್ಪಿಗೆ, ಶುಲ್ಕ ಕಟ್ಟಿ ಸೇರುತ್ತೇನೆ. ಎರಡನೆಯದೆಂದರೆ ಈ ಸೀಟು ಇರಲಿ, ಇದಕ್ಕಿಂತ ಮೇಲೆ ಬರೆದದ್ದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಕೊಡಿ. ಮೂರನೆಯದೆಂದರೆ ಇದು ಬೇಡ, ಮುಂದಿನ ಸುತ್ತಿಗೆ ಮಾತ್ರ ಹೋಗುತ್ತೇನೆ. ನಾಲ್ಕನೆಯದೆಂದರೆ ಪೂರ್ತಿ ಹೊರಗೆ. ಎರಡನೆಯದನ್ನು ಒತ್ತುವವರಿಗೆ ಒಂದು ಎಚ್ಚರಿಕೆ. ಮೇಲಿನ ಆಪ್ಷನ್ ಸಿಕ್ಕ ಕ್ಷಣ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ, ಮತ್ತೆ ಬರುವುದಿಲ್ಲ. ಹಾಸ್ಟೆಲ್ ನೋಡಿ, ಊರು ನೋಡಿ, ಮನಸ್ಸು ಈಗ ಸಿಕ್ಕ ಕಾಲೇಜಿನ ಮೇಲೇ ನಿಂತಿದ್ದರೆ ಒಂದನೆಯದನ್ನೇ ಒತ್ತಬೇಕು. ಇಷ್ಟು ತಿಳಿದಿರದೆ ಇದ್ದ ಒಳ್ಳೆಯ ಸೀಟು ಬಿಟ್ಟುಕೊಟ್ಟು ಅತ್ತವರ ಜೊತೆ ನಾನು ಕೂತಿದ್ದೇನೆ.

ಪಟ್ಟಿಯ ಕ್ರಮವನ್ನು ಮಾತ್ರ ಹೊರಗಿನವರ ಕೈಗೆ ಕೊಡಬಾರದು ಎಂದು ನಾನು ಹಟ ಹಿಡಿಯುವುದಕ್ಕೆ ಒಂದು ಕಾರಣವಿದೆ. ಬೆಂಗಳೂರಿನ ಕಾಲೇಜು ಮೇಲೆ ಬರಬೇಕೋ, ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಕಾಲೇಜೋ? ಕಂಪ್ಯೂಟರ್ ಸೈನ್ಸ್ ಸಿಗುವ ಸಾಧಾರಣ ಕಾಲೇಜೋ, ಸಿವಿಲ್ ಸಿಗುವ ಒಳ್ಳೆಯ ಕಾಲೇಜೋ? ನಾಲ್ಕು ವರ್ಷದ ಶುಲ್ಕ, ಹಾಸ್ಟೆಲ್ಲು ಸೇರಿ ನಮ್ಮಿಂದ ಎಷ್ಟು ಸಾಧ್ಯ? ತಮ್ಮನ ಓದಿಗೆ ಏನು ಉಳಿಯುತ್ತದೆ? ಈ ಪ್ರಶ್ನೆಗಳನ್ನು ಎಷ್ಟೋ ಮನೆಗಳಲ್ಲಿ ಅಪ್ಪ ಮಕ್ಕಳು ಮೊದಲ ಸಲ ಎದುರುಬದುರು ಕೂತು ಮಾತಾಡುವುದು ಆಪ್ಷನ್ ಎಂಟ್ರಿಯ ಹೊತ್ತಿನಲ್ಲೇ. ಸಾಲ ಎಷ್ಟಿದೆ ಎಂದು ಅಪ್ಪ ಬಾಯಿಬಿಟ್ಟು ಹೇಳಿದ್ದು, ತನಗೆ ಎಂಜಿನಿಯರಿಂಗೇ ಇಷ್ಟವಿಲ್ಲ ಎಂದು ಮಗ ಕೊನೆಗೂ ಹೇಳಿದ್ದು, ಅಮ್ಮ ತನ್ನ ಅಭಿಪ್ರಾಯವನ್ನು ಗಟ್ಟಿಯಾಗಿ ಹೇಳಿದ್ದು ನಮ್ಮ ಮನೆಯ ಮೇಜಿನ ಸುತ್ತ ನಡೆದಿದೆ. ದುಡ್ಡು ಕೊಟ್ಟು ಪಟ್ಟಿ ತಂದರೆ ಆ ಮಾತುಕತೆಯೇ ನಡೆಯುವುದಿಲ್ಲ.

ಹಾಗಾಗಿ ನನ್ನ ಉತ್ತರ ಇಷ್ಟು. ಅಪ್ಪ ಅಮ್ಮ ಓದಿದವರಾಗಿದ್ದು, ಮನೆಯಲ್ಲಿ ಕಂಪ್ಯೂಟರ್ ಇದ್ದು, ಮಗು ಕರ್ನಾಟಕದಲ್ಲೇ ಓದಿದ್ದರೆ ಸಿಇಟಿಗಾಗಿ ಕನ್ಸಲ್ಟೆನ್ಸಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅರ್ಹತೆಯ ತೊಡಕಿದ್ದರೆ, ಹೊರದೇಶದ ಓದಿನ ಮಾತಾದರೆ, ಯಾವ ಕಾಲೇಜಿನ ಹಂಗೂ ಇಲ್ಲದವರನ್ನು ಹುಡುಕಿ ಗಂಟೆಯ ಲೆಕ್ಕದಲ್ಲಿ ಕೊಡಿ.

ನಿಜವಾಗಿ ಸಹಾಯ ಬೇಕಾದವರು ಮೂರನೆಯವರು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತುತ್ತಿರುವ ಮೊದಲ ಮಗು, ಸೈಬರ್ ಸೆಂಟರಿನ ಹುಡುಗ ಹೇಳಿದ್ದೇ ವೇದವಾಕ್ಯ ಎಂದು ನಂಬುವ ಅಪ್ಪ. ಕನ್ಸಲ್ಟೆನ್ಸಿಗಳ ಜಾಹೀರಾತಿಗೆ ಮೊದಲು ಸಿಕ್ಕುವವರು ಇವರೇ, ಕಳೆದುಕೊಂಡರೆ ತಡೆದುಕೊಳ್ಳಲಾರದವರೂ ಇವರೇ. ಇವರಿಗೆ "ದುಡ್ಡು ಕೊಡಬೇಡಿ" ಎಂದಷ್ಟೇ ಹೇಳಿ ಸುಮ್ಮನಾಗುವುದು ಸರಿಯಲ್ಲ, ಬದಲಿಗೆ ಏನಾದರೂ ಕೊಡಬೇಕು.

ಪಿಯು ಕಾಲೇಜಿನ ನನ್ನ ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಇದು. ಅರ್ಜಿ ಕರೆಯುವ ತಿಂಗಳಲ್ಲಿ ಒಂದು ದಿನ ಪ್ರಮಾಣಪತ್ರಗಳಿಗೆ, ಆಪ್ಷನ್ ಎಂಟ್ರಿ ಶುರುವಾದಾಗ ಒಂದು ಭಾನುವಾರ ಪಟ್ಟಿ ಬರೆಯುವುದಕ್ಕೆ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ತೆರೆಯಿರಿ. ಪೋಷಕರನ್ನೂ ಕರೆಯಿರಿ. ಈಗಾಗಲೇ ಎಂಜಿನಿಯರಿಂಗ್, ಕೃಷಿ, ನರ್ಸಿಂಗ್, ಪಶುವೈದ್ಯ ಓದುತ್ತಿರುವ ನಿಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದು ಫೋನ್ ಮಾಡಿ, ಖಂಡಿತ ಬರುತ್ತಾರೆ. ಇಂಟರ್ನೆಟ್ಟು, ಪ್ರಿಂಟರ್, ಒಂದಿಷ್ಟು ಬಿಳಿ ಹಾಳೆ ಸಾಕು. ನಮ್ಮ ಕಾಲೇಜಿನಲ್ಲಿ ಇದನ್ನು ಮಾಡುತ್ತಿದ್ದೇವೆ. ನಿಮ್ಮಲ್ಲೂ ಈ ವರ್ಷವೇ ಶುರುಮಾಡಿ.